ಮೊದಲು ಬಾಯಿ ಬಿಡುವವನ ಕಷ್ಟ

ಇಸ್ಪೀಟಾಟದಲ್ಲಿ ಗೆಲುವು ಕೈಗೆ ಬಂದ ಎಲೆಯನ್ನು ಅವಲಂಬಿಸಿದೆ ಎಂಬುದು ಸಾಮಾನ್ಯ ನಂಬಿಕೆ. ಪೋಕರ್ ಆಟದ ಸುಮಾರು ಇನ್ನೂರು ವರ್ಷಗಳ ಇತಿಹಾಸ ಮಾತ್ರ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಎಲೆ ಎಷ್ಟು ಮುಖ್ಯವೋ ಆಟಗಾರ ಕುಳಿತ ಜಾಗವೂ ಅಷ್ಟೇ ಮುಖ್ಯ. ಈ ಸತ್ಯ ಆಟಗಾರರಿಗೆ ಅರಿವಾದದ್ದು ನಿಧಾನವಾಗಿ, ಅದೂ ಬಹಳ ಹಣ ಕಳೆದುಕೊಂಡ ಮೇಲೆ.

ಪೋಕರ್ ರೂಪುಗೊಂಡದ್ದು 19ನೇ ಶತಮಾನದ ಆರಂಭದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪ್ಪಿ ನದಿಯ ಆಸುಪಾಸಿನಲ್ಲಿ. ಇಂಗ್ಲಿಷ್ ನಟ ಜೋ ಕೋವೆಲ್ 1829ರಲ್ಲಿ ಉಗಿದೋಣಿಯೊಂದರಲ್ಲಿ ಈ ಆಟವನ್ನು ಕಂಡುದಾಗಿ 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆರಂಭದ ಪೋಕರಿಗೆ ಬಳಸುತ್ತಿದ್ದುದು ಎಕ್ಕದಿಂದ ಹತ್ತರವರೆಗಿನ 20 ಎಲೆಗಳನ್ನು ಮಾತ್ರ. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಮುಗಿಯಿತು. ಪಣ ಒಡ್ಡುವುದು ಒಂದೇ ಸುತ್ತು. ಶತಮಾನದ ಮಧ್ಯಭಾಗದ ಹೊತ್ತಿಗೆ 52 ಎಲೆಗಳ ಕಟ್ಟು ಬಂತು. ಬೇಡದ ಎಲೆ ಬಿಟ್ಟು ಬೇರೆ ಪಡೆಯುವ ಪದ್ಧತಿಯೂ ಬಂತು. ಪಣದ ಸುತ್ತು ಎರಡಾಯಿತು.

ಕುಳಿತ ಜಾಗದ ಬೆಲೆ ಪೂರ್ತಿಯಾಗಿ ಪ್ರಕಟವಾದದ್ದು 20ನೇ ಶತಮಾನದ 'ಟೆಕ್ಸಾಸ್ ಹೋಲ್ಡೆಮ್' ಎಂಬ ಪ್ರಕಾರದಲ್ಲಿ. ಇದರ ಹುಟ್ಟೂರು ರಾಬ್ಸ್‌ಟೌನ್ ಎಂದು ಟೆಕ್ಸಾಸ್ ಶಾಸನಸಭೆ 2007ರಲ್ಲಿ ಮಾನ್ಯ ಮಾಡಿತು. 1960ರ ದಶಕದಲ್ಲಿ ಲಾಸ್ ವೇಗಾಸ್ ಸೇರಿದ ಈ ಆಟದಲ್ಲಿ ಒಬ್ಬೊಬ್ಬರ ಕೈಯಲ್ಲಿ ಎರಡೇ ಎಲೆ. ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ. ಪಣದ ಸುತ್ತು ನಾಲ್ಕು. ಮೇಜಿನ ಮೇಲೆ ಎಲೆ ತೆರೆದ ನಂತರದ ಮೂರು ಸುತ್ತಿನಲ್ಲೂ ಹಂಚುವವನ ಎಡಗಡೆಯವನೇ ಮೊದಲು ನಿರ್ಧರಿಸಬೇಕು, ಹಂಚುವವನ ಜಾಗದಲ್ಲಿರುವವನದು ಕೊನೆಯ ಮಾತು. ಹೀಗೆ ಮೊದಲಿಗನ ಅನನುಕೂಲ ಆಟದುದ್ದಕ್ಕೂ ಬೆನ್ನು ಬಿಡುವುದಿಲ್ಲ.

ಒಂಬತ್ತು ಜನರ ಮೇಜಿನಲ್ಲಿ ಮುಂಚೂಣಿಯಲ್ಲಿ ಕುಳಿತವನಿಗೆ ಒಂದು ರಾಜ, ಒಂದು ಗುಲಾಮ ಬಂದಿವೆ ಎನ್ನೋಣ. ನೋಡಲು ಚೆಂದದ ಜೋಡಿ. ಆದರೆ ಅವನ ನಂತರ ಮಾತಾಡುವವರು ಇನ್ನೂ ಹಲವರಿದ್ದಾರೆ. ಪಣ ಏರಿಸಿ ಉಳಿಯುವವರು ಬಹುಮಟ್ಟಿಗೆ ಇವನಿಗಿಂತ ಮೇಲಿನ ಎಲೆ ಹಿಡಿದವರು: ಎಕ್ಕ-ರಾಜ ಅಥವಾ ರಾಜ-ರಾಣಿ. ಮೇಜಿನ ಮೇಲೆ ಒಂದು ರಾಜ ಬಿದ್ದರೂ ಇವನಿಗೆ ನೆಮ್ಮದಿಯಿಲ್ಲ. ಬಿಡಲು ಮನಸ್ಸಿಲ್ಲ, ಏರಿಸಲು ಧೈರ್ಯವಿಲ್ಲ. ರಾಜ-ರಾಣಿಯ ಎದುರು ರಾಜ-ಗುಲಾಮ ಗೆಲ್ಲುವುದು ಸುಮಾರು ನಾಲ್ಕಕ್ಕೆ ಒಂದು ಸಲ. ಗೆದ್ದರೆ ಸಣ್ಣ ಮೊತ್ತ, ಸೋತರೆ ದೊಡ್ಡದು.

ಎದುರಾಳಿಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಕೈಯಲ್ಲಿ ಎರಡು ಎಕ್ಕಗಳಿದ್ದರೆ ಅದಕ್ಕಿಂತ ಉತ್ತಮ ಆರಂಭವಿಲ್ಲ. ಯಾವುದೋ ಎಲೆ ಹಿಡಿದ ಒಬ್ಬನೇ ಎದುರಿಗಿದ್ದು ಕೊನೆಯವರೆಗೂ ಉಳಿದರೆ ನೂರಕ್ಕೆ 85 ಸಲ ಗೆಲುವು. ಅಂಥವರು ಐವರಿದ್ದರೆ ಅದು ಸುಮಾರು 49ಕ್ಕೆ ಇಳಿಯುತ್ತದೆ. ಎಕ್ಕಗಳ ಜೋಡಿಗೇ ಈ ಗತಿಯಾದರೆ ನಡುತರದ ಎಲೆಗಳ ಪಾಡು ಹೇಳಬೇಕಿಲ್ಲ.

ಈ ತಿಳಿವಳಿಕೆ ಪುಸ್ತಕಗಳ ಮೂಲಕ ಹರಡಿತು. ಗುಪ್ತಲಿಪಿ ತಜ್ಞ ಹರ್ಬರ್ಟ್ ಯಾರ್ಡ್ಲಿ 1957ರ ತನ್ನ ಪುಸ್ತಕದಲ್ಲಿ ಸಂಯಮದಿಂದ ಎಲೆ ಕೆಳಗಿಡುವುದನ್ನು ಬೋಧಿಸಿದ. ಡೇವಿಡ್ ಸ್ಕ್ಲಾನ್ಸ್ಕಿ 1976ರಲ್ಲಿ ಆರಂಭದ ಜೋಡಿಗಳನ್ನು ದರ್ಜೆಗಳಾಗಿ ವಿಂಗಡಿಸಿ, ಯಾವ ಜಾಗದಿಂದ ಯಾವ ದರ್ಜೆ ಆಡಬಹುದೆಂದು ತೋರಿಸಿದ. ಡಾಯ್ಲ್ ಬ್ರನ್ಸನ್ 1978ರ ತನ್ನ ಗ್ರಂಥದಲ್ಲಿ ಜಾಗದ ಮಹತ್ವವನ್ನು ಒತ್ತಿ ಹೇಳಿದ.

ವಿಚಿತ್ರವೆಂದರೆ ಇದೇ ಬ್ರನ್ಸನ್ 1976 ಮತ್ತು 1977ರ ಪೋಕರ್ ವಿಶ್ವ ಪಂದ್ಯಗಳೆರಡನ್ನೂ ಗೆದ್ದ ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದುದು ಹತ್ತು ಮತ್ತು ಎರಡು! ಆ ಜೋಡಿಗೆ ಅವನ ಹೆಸರೇ ಅಂಟಿಕೊಂಡಿತು. ಅದನ್ನು ನಂಬಿ ಕೈ ಸುಟ್ಟುಕೊಂಡವರಿಗೆ ಒಂದು ಅಂಶ ಹೊಳೆದಿರಲಿಕ್ಕಿಲ್ಲ. ಆ ಎರಡು ಸಂದರ್ಭಗಳಲ್ಲೂ ಎದುರಿಗೆ ಉಳಿದಿದ್ದವನು ಒಬ್ಬನೇ. ಜೊತೆಗೆ ಎರಡು ಸಲವೂ ಕೊನೆಯ ಎಲೆಯಾಗಿ ಹತ್ತು ಬಿದ್ದು ಅದೃಷ್ಟವೂ ಒಲಿದಿತ್ತು. ತುಂಬಿದ ಮೇಜಿನಲ್ಲಿ, ಮೊದಲ ಸರದಿಯಲ್ಲಿ ಅದೇ ಜೋಡಿ ಕಸಕ್ಕೆ ಸಮ.

2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸಂಶೋಧಕರ 'ಪ್ಲೂರಿಬಸ್' ಎಂಬ ಕಂಪ್ಯೂಟರ್ ಕಾರ್ಯಕ್ರಮ ಆರು ಜನರ ಪೋಕರಿನಲ್ಲಿ ನುರಿತ ವೃತ್ತಿಪರರನ್ನು ಸೋಲಿಸಿತು. ಮನುಷ್ಯರ ಆಟ ನೋಡದೆ, ತನ್ನೊಡನೆ ತಾನೇ ಆಡಿ ಅದು ಕಲಿತಿತ್ತು. ಕಡ್ಡಾಯ ಪಣವನ್ನು ಅರ್ಧ ಕಟ್ಟಿರುವವನೊಬ್ಬನನ್ನು ಬಿಟ್ಟು ಬೇರೆ ಯಾರೂ 'ನೋಡೋಣ' ಎಂದು ಕನಿಷ್ಠ ಪಣ ಕೊಟ್ಟು ಒಳನುಗ್ಗುವುದು ಲಾಭಕರವಲ್ಲವೆಂಬ ಹಳಬರ ಮಾತಿಗೇ ಅದೂ ಬಂದು ನಿಂತಿತು.

ಹಾಗಾದರೆ ಪೋಕರ್ ಅದೃಷ್ಟದ ಆಟವೋ, ಕೌಶಲದ ಆಟವೋ? ಈ ಪ್ರಶ್ನೆ ಕರ್ನಾಟಕವನ್ನೂ ಮುಟ್ಟಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ರಾಜ್ಯ ತಿದ್ದುಪಡಿಯನ್ನು, ಕೌಶಲದ ಆಟ ಜೂಜಲ್ಲವೆಂಬ ತತ್ವದ ಮೇಲೆ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಈ ಭೇದವನ್ನೇ ಬದಿಗಿಟ್ಟು, ಹಣ ಪಣವಾಗಿರುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲವಿರುವುದು ನಿಜ. ಆದರೆ ಅದರ ಬಹುಪಾಲು ಆಡದೆ ಬಿಡುವುದರಲ್ಲಿದೆ. ಬೇಸರ ಕಳೆಯಲು ಮೇಜಿಗೆ ಬಂದವನಿಗೆ ಅತ್ಯಂತ ಕಷ್ಟವಾದದ್ದೂ ಅದೇ.