‘ಸರ್ವರ್ ಡೌನ್’ ಅಂದರೆ ಯಾರೋ ಹ್ಯಾಕ್ ಮಾಡಿದ್ದಾರೆ ಎಂದರ್ಥವೇ?

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಡುವಾಗ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಕಾಯುವಾಗ, ಬ್ಯಾಂಕಿನ ಕೌಂಟರಿನ ಮುಂದೆ ನಿಂತಾಗ ನಾವೆಲ್ಲರೂ ಕೇಳಿರುವ ಮಾತು ಒಂದಿದೆ: ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’. ಸರ್ವರ್ ದೊಡ್ಡ ಸಂಸ್ಥೆಯದ್ದಾಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ವಾಟ್ಸಾಪ್ ಗುಂಪುಗಳಿಗೆ ಇನ್ನೊಂದು ಬಗೆಯ ಸಂದೇಶ ಬರುತ್ತದೆ: ‘ಸರ್ವರ್ ಹ್ಯಾಕ್ ಆಗಿದೆ, ಕೂಡಲೇ ನಿಮ್ಮ ಹಣ ತೆಗೆದುಕೊಳ್ಳಿ, ಎಲ್ಲರಿಗೂ ಕಳುಹಿಸಿ’.

ಇದರಲ್ಲಿ ನಿಜ ಎಷ್ಟು? ಚಿಕ್ಕ ಉತ್ತರ: ಸರ್ವರ್ ನಿಂತುಹೋಗಲು ಹತ್ತಾರು ಕಾರಣಗಳಿರುತ್ತವೆ. ಹ್ಯಾಕಿಂಗ್ ಅವುಗಳಲ್ಲಿ ಒಂದು ಮಾತ್ರ. ಬಹಳಷ್ಟು ಸಲ ಕಾರಣ ತೀರಾ ಸಾಮಾನ್ಯವಾದದ್ದು. ವಿವರವಾಗಿ ನೋಡೋಣ.

ಸರ್ವರ್ ಅಂದರೆ ಏನು?

ಸರ್ವರ್ ಕೂಡ ಒಂದು ಕಂಪ್ಯೂಟರೇ. ಅದಕ್ಕೂ ಪ್ರೊಸೆಸರ್, ಮೆಮೊರಿ, ಡಿಸ್ಕ್ ಇರುತ್ತವೆ. ಲಿನಕ್ಸ್ ಅಥವಾ ವಿಂಡೋಸ್‌ನಂತಹ ಆಪರೇಟಿಂಗ್ ಸಿಸ್ಟಂ ಇರುತ್ತದೆ. ವ್ಯತ್ಯಾಸ ಇಷ್ಟೇ: ನಿಮ್ಮ ಫೋನ್ ನಿಮ್ಮೊಬ್ಬರಿಗೆ ಕೆಲಸ ಮಾಡಿದರೆ, ಸರ್ವರ್ ಹಗಲೂ ರಾತ್ರಿ ಸಾವಿರಾರು ಜನರ ಕೋರಿಕೆಗಳಿಗೆ ಉತ್ತರ ಕೊಡುತ್ತಿರುತ್ತದೆ. ಅದನ್ನು ನೋಡಿಕೊಳ್ಳುವವರೇ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಚಿಕ್ಕದಾಗಿ ಅಡ್ಮಿನ್.

ಈ ಕಂಪ್ಯೂಟರ್ ಕೈಕೊಡುವ ಸಾಮಾನ್ಯ ಕಾರಣಗಳು ಇವು:

• ಡಿಸ್ಕ್ ತುಂಬಿಹೋಗುವುದು. ಸರ್ವರ್ ತಾನು ಮಾಡಿದ ಪ್ರತಿ ಕೆಲಸವನ್ನೂ ‘ಲಾಗ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ಹಳೆಯ ಲಾಗ್‌ಗಳನ್ನು ತೆಗೆಯದಿದ್ದರೆ ಒಂದು ದಿನ ಜಾಗವೇ ಉಳಿಯುವುದಿಲ್ಲ. ಫೋನ್ ಸ್ಟೋರೇಜ್ ತುಂಬಿದಾಗ ಫೋಟೊ ತೆಗೆಯಲಾಗದ ಹಾಗೆಯೇ ಇದು.
• ಮೆಮೊರಿ ಸಾಲದಾಗುವುದು. ಒಂದೇ ಸಲಕ್ಕೆ ನಿರೀಕ್ಷೆಗಿಂತ ಹೆಚ್ಚು ಜನ ಬಂದಾಗ, ಉದಾಹರಣೆಗೆ ಪರೀಕ್ಷೆಯ ಫಲಿತಾಂಶದ ದಿನ, ಹೀಗಾಗುತ್ತದೆ.
• ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯುವುದು. ವೆಬ್ ವಿಳಾಸದ ಪಕ್ಕ ಕಾಣುವ ಬೀಗದ ಗುರುತಿನ ಹಿಂದೆ ಇರುವ ಪ್ರಮಾಣಪತ್ರವನ್ನು ಆಗಾಗ ನವೀಕರಿಸಬೇಕು. ಮರೆತರೆ ಬ್ರೌಸರ್‌ಗಳು ಎಚ್ಚರಿಕೆ ತೋರಿಸಿ ಬಾಗಿಲು ಹಾಕುತ್ತವೆ.
• ಡಿಎನ್‌ಎಸ್ ತೊಂದರೆ. ಹೆಸರು ಕೊಟ್ಟರೆ ಸರ್ವರ್‌ನ ಅಂಕಿಗಳ ವಿಳಾಸ ಹೇಳುವ ಈ ವ್ಯವಸ್ಥೆ ಕೆಟ್ಟರೆ, ಸರ್ವರ್ ಚೆನ್ನಾಗಿದ್ದರೂ ಯಾರಿಗೂ ಅದರ ದಾರಿ ಸಿಗುವುದಿಲ್ಲ.
• ಹೊಸ ಬದಲಾವಣೆ. ಅಪ್‌ಡೇಟ್ ಹಾಕಿದ್ದು ಅಥವಾ ಒಂದು ಸೆಟ್ಟಿಂಗ್ ತಿದ್ದಿದ್ದು ಮತ್ತೆಲ್ಲೋ ಏಟು ಕೊಡುವುದು.

ಜಗತ್ತನ್ನೇ ಅಲುಗಾಡಿಸಿದ ಎರಡು ದೊಡ್ಡ ಘಟನೆಗಳ ಹಿಂದೆ ಇದ್ದದ್ದು ಈ ಕೊನೆಯ ಕಾರಣವೇ.

ಮಿಥ್ಯೆ 1: ಎಲ್ಲೆಡೆ ಒಟ್ಟಿಗೆ ಕೆಟ್ಟರೆ ಅದು ಸೈಬರ್ ದಾಳಿಯೇ

2024ರ ಜುಲೈ 19ರಂದು ಜಗತ್ತಿನ ಹಲವೆಡೆ ಕಂಪ್ಯೂಟರ್ ಪರದೆಗಳು ಇದ್ದಕ್ಕಿದ್ದಂತೆ ನೀಲಿಯಾದವು. ವಿಮಾನಗಳು ರದ್ದಾದವು, ಆಸ್ಪತ್ರೆ, ಬ್ಯಾಂಕುಗಳ ಕೆಲಸ ನಿಂತಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲುಗಳು ಬೆಳೆದವು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಕೈಯಲ್ಲೇ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು.

ಆದದ್ದು ದಾಳಿಯಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಕಳುಹಿಸಿದ ಒಂದು ಚಿಕ್ಕ ಕಡತದಲ್ಲಿ ದೋಷವಿತ್ತು. ಭಾರತೀಯ ಕಾಲಮಾನದಂತೆ ಬೆಳಿಗ್ಗೆ 9:39ಕ್ಕೆ ಹೊರಟ ಕಡತವನ್ನು 10:57ಕ್ಕೆ, ಅಂದರೆ 78 ನಿಮಿಷಗಳಲ್ಲಿ, ಹಿಂಪಡೆಯಲಾಯಿತು. ಅಷ್ಟರಲ್ಲೇ ಸುಮಾರು 85 ಲಕ್ಷ ಕಂಪ್ಯೂಟರುಗಳಿಗೆ ಪೆಟ್ಟು ಬಿದ್ದಿತ್ತು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಇದು ಒಟ್ಟು ವಿಂಡೋಸ್ ಕಂಪ್ಯೂಟರುಗಳಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ.

78 ನಿಮಿಷದಲ್ಲಿ ತಪ್ಪು ಸರಿಯಾದರೂ ರಿಪೇರಿಗೆ ದಿನಗಟ್ಟಲೆ ಹಿಡಿದದ್ದೇಕೆ? ಆ ತಂತ್ರಾಂಶ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ‘ಕರ್ನಲ್’ ಮಟ್ಟದಲ್ಲಿ. ಮಾಮೂಲಿ ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನಲ್ಲಿ ತಪ್ಪಾದರೆ ಇಡೀ ಯಂತ್ರ ನಿಲ್ಲುತ್ತದೆ. ಯಂತ್ರ ಶುರುವಾದಾಗ ಅದೇ ಕಡತ ಮತ್ತೆ ತೆರೆದುಕೊಳ್ಳುತ್ತದೆ, ಯಂತ್ರ ಮತ್ತೆ ಕುಸಿಯುತ್ತದೆ. ದೂರದಿಂದ ಸರಿಪಡಿಸೋಣವೆಂದರೆ ಯಂತ್ರ ನೆಟ್‌ವರ್ಕ್‌ಗೆ ಸೇರುವಷ್ಟು ಹೊತ್ತೂ ಎಚ್ಚರವಾಗಿರುವುದಿಲ್ಲ. ಹಾಗಾಗಿ ಅಡ್ಮಿನ್‌ಗಳು ಅನೇಕ ಕಡೆ ಒಂದೊಂದೇ ಕಂಪ್ಯೂಟರಿನ ಮುಂದೆ ಹೋಗಿ ‘ಸೇಫ್ ಮೋಡ್’ನಲ್ಲಿ ತೆರೆದು, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ ಪ್ರತಿ ಯಂತ್ರಕ್ಕೂ 48 ಅಂಕಿಗಳ ಕೀಲಿಯನ್ನೂ ಟೈಪ್ ಮಾಡಬೇಕಿತ್ತು.

ಇನ್ನೊಂದು ಘಟನೆ 2021ರ ಅಕ್ಟೋಬರ್ 4ರದ್ದು. ಆ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾದವು. ಮಾಮೂಲಿ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಕಂಪನಿಯ ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ಅಂಥ ತಪ್ಪು ಆದೇಶವನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೂ ದೋಷವಿತ್ತು. ಅದರ ಬೆನ್ನಿಗೇ ಡಿಎನ್‌ಎಸ್ ಸರ್ವರ್‌ಗಳೂ ಇಂಟರ್‌ನೆಟ್‌ನಿಂದ ಕಣ್ಮರೆಯಾದವು. ಬಳಕೆದಾರರ ಮಾಹಿತಿ ಸೋರಿದ ಯಾವ ಸುಳಿವೂ ಇಲ್ಲ ಎಂದು ಕಂಪನಿ ಹೇಳಿತು.

ಹಾಗಂತ ದಾಳಿ ನಡೆಯುವುದೇ ಇಲ್ಲ ಎಂದಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ರ‍್ಯಾನ್ಸಂವೇರ್ ದಾಳಿಗೆ ತುತ್ತಾದವು. ಸಿಬ್ಬಂದಿ ಹಲವು ದಿನ ಕಾಗದ-ಪೆನ್ನಿನಲ್ಲೇ ಕೆಲಸ ಮಾಡಬೇಕಾಯಿತು. ದಾಳಿಯೋ ದೋಷವೋ ಎಂಬುದು ಪರಿಶೀಲನೆಯಿಂದ ತಿಳಿಯುವ ವಿಷಯ. ಮೊದಲ ಅರ್ಧ ಗಂಟೆಯಲ್ಲಿ ಬರುವ ಫಾರ್ವರ್ಡ್‌ಗೆ ಅದು ಗೊತ್ತಿರಲು ಸಾಧ್ಯವಿಲ್ಲ.

ಮಿಥ್ಯೆ 2: ‘ಆಫ್ ಮಾಡಿ ಆನ್ ಮಾಡಿ’ ಅನ್ನುವುದು ಏನೂ ಗೊತ್ತಿಲ್ಲದವರ ಸಲಹೆ

ಇದು ತಮಾಷೆಯ ಮಾತಾದರೂ ಹಿಂದೆ ಗಟ್ಟಿ ಕಾರಣವಿದೆ. ಓಡುತ್ತಿರುವ ತಂತ್ರಾಂಶ ಮೆಮೊರಿಯಲ್ಲಿ ಲೆಕ್ಕ, ಗುರುತು, ತಾತ್ಕಾಲಿಕ ಮಾಹಿತಿಯನ್ನು ಇಟ್ಟುಕೊಂಡಿರುತ್ತದೆ. ಕೆಲವು ತಂತ್ರಾಂಶಗಳು ಪಡೆದ ಮೆಮೊರಿಯನ್ನು ಹಿಂದಿರುಗಿಸುವುದೇ ಇಲ್ಲ. ಇದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ. ಎರಡು ಪ್ರೋಗ್ರಾಂಗಳು ‘ಮೊದಲು ನೀನು ಬಿಡು’ ಎಂದು ಪರಸ್ಪರ ಕಾಯುತ್ತಾ ನಿಂತುಬಿಡುವುದೂ ಉಂಟು. ರೀಸ್ಟಾರ್ಟ್ ಮಾಡಿದಾಗ ಈ ಗೋಜಲೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತದೆ.

ಹಳೆಯ ವಿಂಡೋಸ್ 95 ಮತ್ತು 98ರ ಕತೆ ಕೇಳಿ. ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದನ್ನು ಅವು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತಿದ್ದವು. ಎಣಿಕೆಗೆ ಇದ್ದದ್ದು 32 ಬಿಟ್‌ಗಳ ಜಾಗ. ಅದರಲ್ಲಿ ಹಿಡಿಯುವುದು ಸುಮಾರು 429 ಕೋಟಿ ಮಿಲಿಸೆಕೆಂಡು, ಅಂದರೆ 49.7 ದಿನ. ಅಷ್ಟು ದಿನ ಬಿಡದೆ ಓಡಿದರೆ ಯಂತ್ರ ಸ್ಥಗಿತಗೊಳ್ಳಬಹುದಿತ್ತು. ಬೋಯಿಂಗ್ 787 ವಿಮಾನದ ವಿದ್ಯುತ್ ನಿಯಂತ್ರಣ ಘಟಕಗಳಲ್ಲೂ ಇಂಥದ್ದೇ ದೋಷವಿತ್ತು. 248 ದಿನ ಸತತವಾಗಿ ವಿದ್ಯುತ್ ಇದ್ದರೆ ಅವು ಕೆಲಸ ನಿಲ್ಲಿಸಬಹುದು ಎಂದು ತಿಳಿದು, ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ 2015ರಲ್ಲಿ ನಿಗದಿತ ಅವಧಿಯೊಳಗೆ ಒಮ್ಮೆ ಆಫ್ ಮಾಡಿ ಆನ್ ಮಾಡಲು ಆದೇಶಿಸಿತು!

ಆದರೆ ರೀಸ್ಟಾರ್ಟ್ ಜ್ವರದ ಮಾತ್ರೆಯಂತೆ. ಜ್ವರ ಇಳಿದರೂ ಸೋಂಕು ಉಳಿದಿರಬಹುದು. ಅದಕ್ಕೇ ಒಳ್ಳೆಯ ಅಡ್ಮಿನ್‌ಗಳು ರೀಸ್ಟಾರ್ಟ್‌ಗೂ ಮೊದಲು ಲಾಗ್‌ಗಳನ್ನು ಉಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಕಾರಣದ ಸುಳಿವೂ ಅಳಿಸಿಹೋಗಿ ಅದೇ ತೊಂದರೆ ಮುಂದಿನ ವಾರ ಮತ್ತೆ ಬರುತ್ತದೆ.

ಮಿಥ್ಯೆ 3: ಬಿಡದೆ ಒತ್ತುತ್ತಿದ್ದರೆ ಒಮ್ಮೆಯಾದರೂ ಆಗುತ್ತದೆ

ಸುಸ್ತಾದ ಸರ್ವರ್‌ಗೆ ನಾವು ಒತ್ತುವ ಪ್ರತಿ ರಿಫ್ರೆಶ್ ಹೊಸ ಕೆಲಸ. ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರೂ ಹತ್ತಲಾಗದಂತಹ ಸ್ಥಿತಿ ಅದು. 2025ರ ಏಪ್ರಿಲ್ 12ರಂದು ಯುಪಿಐ ಸೇವೆ ಗಂಟೆಗಟ್ಟಲೆ ಅಸ್ತವ್ಯಸ್ತವಾದದ್ದಕ್ಕೆ ಕಾರಣ ಇದೇ ಬಗೆಯದ್ದು. ‘ಹಿಂದಿನ ಪಾವತಿ ಏನಾಯಿತು?’ ಎಂದು ಕೇಳುವ ಕೋರಿಕೆಗಳನ್ನು ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ಎಡೆಬಿಡದೆ ಕಳುಹಿಸಿ ದಟ್ಟಣೆ ಉಂಟುಮಾಡಿದವು ಎಂದು ಯುಪಿಐ ನಡೆಸುವ ಎನ್‌ಪಿಸಿಐ ಕಂಡುಕೊಂಡಿತು. ಆಮೇಲೆ ಆಗಸ್ಟ್ 1ರಿಂದ ಮಿತಿಗಳು ಬಂದವು: ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ಬಾಕಿ ಪಾವತಿಯ ಸ್ಥಿತಿಯನ್ನು ಮೂರೇ ಸಲ, ಅದೂ 90 ಸೆಕೆಂಡುಗಳ ಅಂತರದಲ್ಲಿ ಕೇಳಬಹುದು.

ಮಿಥ್ಯೆ 4: ಸರ್ವರ್‌ನಲ್ಲಿರುವ ಮಾಹಿತಿ ಎಂದೂ ಕಳೆದುಹೋಗುವುದಿಲ್ಲ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ನಡೆದದ್ದನ್ನು ಅಡ್ಮಿನ್‌ಗಳು ಇಂದಿಗೂ ನೆನೆಯುತ್ತಾರೆ. ಡೇಟಾಬೇಸ್ ತೊಂದರೆ ಬಗೆಹರಿಸುತ್ತಿದ್ದ ಎಂಜಿನಿಯರ್ ಒಬ್ಬರು ತಡರಾತ್ರಿ, ನಕಲು ಸರ್ವರ್ ಎಂದುಕೊಂಡು ಅಸಲಿ ಸರ್ವರ್‌ನಲ್ಲೇ ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಡೆದರೂ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ!

ಬ್ಯಾಕಪ್ ಇರಲಿಲ್ಲವೇ? ಹಲವು ಬಗೆಯವು ಇದ್ದವು, ಕಾಗದದ ಮೇಲೆ. ನಿತ್ಯದ ಬ್ಯಾಕಪ್ ತಂತ್ರಾಂಶಗಳ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಆ ವೈಫಲ್ಯ ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮುಂಚೆ ಬೇರೆ ಉದ್ದೇಶಕ್ಕೆ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಗಳ ಬದಲಾವಣೆಗಳು ಮಾತ್ರ ಹೋದವು. ಕಂಪನಿ ನಡೆದದ್ದನ್ನೆಲ್ಲ ಮುಚ್ಚಿಡದೆ ಬಹಿರಂಗಪಡಿಸಿತು.

ಪಾಠ ನಮಗೂ ಅನ್ವಯಿಸುತ್ತದೆ: ಮರಳಿ ತೆರೆದು ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ನಂಬಬಾರದು. ಮಕ್ಕಳ ಫೋಟೊ, ಜಮೀನಿನ ದಾಖಲೆ ಫೋನಿನಲ್ಲಷ್ಟೇ ಇದ್ದರೆ ಇಂದೇ ಇನ್ನೊಂದು ಕಡೆ ಪ್ರತಿ ಇಡಿ. ಅದರಲ್ಲಿ ಒಂದನ್ನು ತೆರೆದೂ ನೋಡಿ.

ಅಡ್ಮಿನ್‌ಗಳು ತೊಂದರೆ ಹುಡುಕುವುದು ಹೇಗೆ?

ಅವರ ಮೊದಲ ಪ್ರಶ್ನೆ: ‘ನಿನ್ನೆ ಸರಿಯಿತ್ತು, ಇವತ್ತು ಏನು ಬದಲಾಯಿತು?’ ಎರಡನೆಯದು: ‘ಎಲ್ಲರಿಗೂ ಹೀಗೇ ಆಗಿದೆಯೇ, ಒಬ್ಬರಿಗೆ ಮಾತ್ರವೇ?’ ಆಮೇಲೆ ಸುಲಭದ್ದರಿಂದ ಶುರು ಮಾಡುತ್ತಾರೆ: ವಿದ್ಯುತ್, ಕೇಬಲ್, ನೆಟ್‌ವರ್ಕ್, ಡಿಸ್ಕ್‌ನಲ್ಲಿ ಜಾಗ, ಮೆಮೊರಿ, ಕೊನೆಗೆ ಲಾಗ್‌ಗಳು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುತ್ತಾರೆ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ನಿಮ್ಮ ಫೋನ್ ಸತಾಯಿಸಿದಾಗಲೂ ಇದೇ ಕ್ರಮ ಅನುಸರಿಸಬಹುದು.

ಸರ್ವರ್ ಡೌನ್ ಇದ್ದಾಗ ನೀವೇನು ಮಾಡಬೇಕು?

• ಮೊದಲು ಪಕ್ಕದವರ ಫೋನಿನಲ್ಲಿ ಅಥವಾ ವೈ-ಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ತೊಂದರೆ ನಿಮ್ಮ ಕಡೆಯದ್ದೇ ಇರಬಹುದು.
• ಯುಪಿಐ ಪಾವತಿ ‘ಪೆಂಡಿಂಗ್’ ಎಂದು ತೋರಿಸಿದರೆ ಅವಸರದಲ್ಲಿ ಎರಡನೇ ಸಲ ಕಳುಹಿಸಬೇಡಿ. ಹಣ ಕಡಿತವಾಗಿ ಎದುರಿನವರಿಗೆ ಸೇರದಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ: ವ್ಯಕ್ತಿಗೆ ಕಳುಹಿಸಿದ ಹಣ ಮರುದಿನದೊಳಗೆ, ಅಂಗಡಿಗೆ ಮಾಡಿದ ಪಾವತಿ ಐದು ದಿನದೊಳಗೆ ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.
• ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡಬೇಡಿ. ಆ್ಯಪ್‌ನ ಒಳಗೆ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ಸಂಖ್ಯೆಯನ್ನೇ ಬಳಸಿ.
• ‘ಸರಿಮಾಡುವ’ ಲಿಂಕ್, ಎಪಿಕೆ ಕಡತ ಯಾರೇ ಕಳುಹಿಸಿದರೂ ಒತ್ತಬೇಡಿ. ಕ್ರೌಡ್‌ಸ್ಟ್ರೈಕ್ ಘಟನೆಯ ಬೆನ್ನಲ್ಲೇ ವಂಚಕರು ನಕಲಿ ರಿಪೇರಿ ತಂತ್ರಾಂಶ ಹಂಚತೊಡಗಿದ್ದರು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಎಚ್ಚರಿಕೆ ಕೊಡಬೇಕಾಯಿತು.
• ಹಣ ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

ಸರ್ವರ್ ನಿಂತ ಹೊತ್ತಿನಲ್ಲಿ ನಮ್ಮ ಹಣಕ್ಕೆ ಆ ತಾಂತ್ರಿಕ ದೋಷಕ್ಕಿಂತ ಹೆಚ್ಚಿನ ಅಪಾಯ ಬರುವುದು ನಮ್ಮ ಗಾಬರಿಯಿಂದ. ಗಾಬರಿಯಲ್ಲೇ ನಾವು ಎರಡು ಸಲ ಹಣ ಕಳುಹಿಸುತ್ತೇವೆ, ಗೊತ್ತಿಲ್ಲದವರಿಗೆ ಒಟಿಪಿ ಹೇಳುತ್ತೇವೆ. ಮುಂದಿನ ಸಲ ‘ಸರ್ವರ್ ಹ್ಯಾಕ್ ಆಗಿದೆ’ ಎಂಬ ಸಂದೇಶ ಬಂದಾಗ ಸಂಸ್ಥೆಯ ಅಧಿಕೃತ ಹೇಳಿಕೆ ಬಂದಿದೆಯೇ ಎಂದು ನೋಡಿ. ಬಂದಿಲ್ಲವಾದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಮೇಲಿನ ಐದು ಅಂಶಗಳನ್ನು ಮಾಡಿ.