ತರಗು ಬೆಂಕಿ

ತರಗು ಬೆಂಕಿ: ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುನ್ನ ಕಾಡಿನ ಉದುರೆಲೆಗೆ ಹಚ್ಚುತ್ತಿದ್ದ, ನೆಲಮಟ್ಟದಲ್ಲೇ ಹರಿದು ಆರುವ ಕಿರುಬೆಂಕಿ. 1974ರಲ್ಲಿ ಪ್ರದೇಶ ವನ್ಯಜೀವಿಧಾಮವಾದ ಬಳಿಕ ಈ ರೂಢಿಗೆ ತಡೆ ಬಿತ್ತು. ಬೆಂಕಿಯೆಲ್ಲ ಕಾಡಿಗೆ ಕೇಡೆಂಬುದು ಅರಣ್ಯಾಡಳಿತ ವಸಾಹತುಕಾಲದಿಂದ ಹೊತ್ತುಬಂದ ನಂಬಿಕೆ. ಅದನ್ನು ಒರೆಗೆ ಹಚ್ಚಿದ್ದು ಅಮೆರಿಕ ಖಂಡಗಳಿಂದ ಬಂದ ಲಂಟಾನ ಪೊದೆ.

ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುತ್ತವೆಂಬ ಊಹೆಯನ್ನು ಸಂಶೋಧಕರಾದ ಅಂಕಿಲಾ ಹಿರೇಮಠ, ಭರತ್ ಸುಂದರಂ 2005ರಲ್ಲಿ ಮುಂದಿಟ್ಟರು. ಸೋಲಿಗರ ವಾದ ಇದಕ್ಕೆ ವಿರುದ್ಧ: ತರಗು ಬೆಂಕಿ ಲಂಟಾನದ ಬೀಜ, ಎಳೆಸಸಿಗಳನ್ನು ಸುಡುತ್ತಿತ್ತು, ಅದು ನಿಂತದ್ದರಿಂದಲೇ ಪೊದೆ ಹಬ್ಬಿತು. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಈ ಕಾಡಿನಲ್ಲಿ ಲಂಟಾನ ಕಂಡ ತಾಕುಗಳು ಸುಮಾರು ಇಮ್ಮಡಿಯಾದವು. ಗಮನಾರ್ಹವೆಂದರೆ, ಅದೇ ಸಂಶೋಧಕರು ಸೇರಿ 2012ರಲ್ಲಿ ಸೋಲಿಗರ ವಿವರಣೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು; ತಮ್ಮ ಊಹೆಯನ್ನು ಕಾಯುವುದಕ್ಕಿಂತ ಅದಕ್ಕೆ ಎದುರಾದ ಮಾತನ್ನು ಪರಿಶೀಲಿಸುವುದು ಮುಖ್ಯವಾಯಿತು. ಎರಡು ಬದಲಾವಣೆಗಳು ಒಂದೇ ಕಾಲದಲ್ಲಿ ಆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು, ಹಿರಿಯರ ನೆನಪೂ ತನ್ನನ್ನೇ ಸಮರ್ಥಿಸಿಕೊಳ್ಳುವ ನಂಬಿಕೆಯಾಗಬಹುದು ಎಂಬ ಆಕ್ಷೇಪ ಸರಿಯೇ. ಆದರೆ ಈ ನೆನಪು ಅಳೆದು ನೋಡಬಹುದಾದ ಹೇಳಿಕೆ. ಬೀಜ ಉಳಿಯಿತೇ, ಸಸಿ ಸತ್ತಿತೇ ಎಂದು ಕಾಡಿನಲ್ಲೇ ಪರೀಕ್ಷಿಸಬಹುದು. ನೆಲ್ಲಿಮರದ ಪರಾವಲಂಬಿ ಉಪ್ಪಿಲು ಹೆಚ್ಚಲು ಬೆಂಕಿಯಿಲ್ಲದ್ದೇ ಕಾರಣವೆಂಬ ಸೋಲಿಗರ ಮಾತೂ ಹೀಗೆಯೇ ಸಂಶೋಧನೆಗೆ ಒಳಗಾಗಿದೆ.

2011ರಲ್ಲಿ ಈ ವನ್ಯಜೀವಿಧಾಮ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯಹಕ್ಕುಗಳಿಗೂ ಮನ್ನಣೆ ದೊರೆಯಿತು. ಹಳೆಯ ರೂಢಿಯನ್ನು ಹಾಗೆಯೇ ಮರಳಿ ತರುವುದು ಮಾತ್ರ ಸುಲಭವಲ್ಲ: ಆಳೆತ್ತರದ ಒಣ ಲಂಟಾನದಲ್ಲಿ ಹೊತ್ತಿದ ಬೆಂಕಿ ನೆಲದಲ್ಲಿ ನಿಲ್ಲದೆ ಮರದ ಕೊಂಬೆಗೇರುತ್ತದೆ.