ಅಧ್ಯಕ್ಷರು ಬದಲಾಗುವಾಗ: ಟ್ರಸ್ಟ್, ಸಂಘಗಳ ಹಸ್ತಾಂತರಕ್ಕೆ ಸಿದ್ಧತೆ ಮತ್ತು ಹಣ

ಬಸದಿ ಟ್ರಸ್ಟ್, ವಿದ್ಯಾರ್ಥಿ ನಿಲಯ, ಪಾಠಶಾಲೆ, ಮಹಿಳಾ ಸಮಾಜ ಇವುಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ ಹೆಗಲ ಮೇಲೆ ನಡೆಯುತ್ತವೆ. ಇಪ್ಪತ್ತು ಮೂವತ್ತು ವರ್ಷ ಒಬ್ಬರೇ ಅಧ್ಯಕ್ಷರೋ ಕಾರ್ಯದರ್ಶಿಯೋ ಆಗಿರುತ್ತಾರೆ. ದಾನಿಗಳ ಪರಿಚಯ, ಮಳಿಗೆಗಳ ಬಾಡಿಗೆ ಕರಾರು, ಜಮೀನಿನ ಪಹಣಿ, ಲಾಕರ್ ಕೀ ಎಲ್ಲವೂ ಅವರ ಬಳಿಯೇ. ಅವರು ಹಾಸಿಗೆ ಹಿಡಿದರೆ ಸಂಸ್ಥೆಯೂ ಹಾಸಿಗೆ ಹಿಡಿಯುತ್ತದೆ.

ಶ್ರವಣಬೆಳಗೊಳದ ಉದಾಹರಣೆ ಕಣ್ಣೆದುರಿಗಿದೆ. 1970ರಲ್ಲಿ ಪಟ್ಟಕ್ಕೆ ಬಂದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು 1981, 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳನ್ನು ನಡೆಸಿಕೊಟ್ಟು, 2023ರ ಮಾರ್ಚ್ 23ರಂದು ದೇಹತ್ಯಾಗ ಮಾಡಿದರು. ಉತ್ತರಾಧಿಕಾರಿಗೆ ಅವರ ಜೀವಿತಕಾಲದಲ್ಲೇ ದೀಕ್ಷೆ ಆಗಿತ್ತು. ಹೀಗಾಗಿ ಪೀಠ ಖಾಲಿ ಉಳಿಯಲಿಲ್ಲ. ಮಠಕ್ಕೆ ಪರಂಪರೆ ಇದೆ; ಊರಿನ ಟ್ರಸ್ಟ್‌ಗೆ ಇರುವುದು ಟ್ರಸ್ಟ್ ಡೀಡ್ ಮಾತ್ರ.

ಆದ್ದರಿಂದ ಮೊದಲು ಆ ಡೀಡ್ ತೆಗೆದು ಓದಬೇಕು. ಟ್ರಸ್ಟಿ ತೀರಿಕೊಂಡರೆ ಅಥವಾ ಬಿಟ್ಟರೆ ಹೊಸಬರನ್ನು ಯಾರು, ಹೇಗೆ ನೇಮಿಸಬೇಕು, ಅವಧಿ ಎಷ್ಟು ಎಂಬುದು ಅದರಲ್ಲಿದೆಯೇ? ಇಲ್ಲದೆ ತಕರಾರು ಎದ್ದರೆ, ಸಾರ್ವಜನಿಕ ಟ್ರಸ್ಟ್‌ನ ವಿಷಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ ಕೋರ್ಟಿಗೆ ಹೋಗಬಹುದು. ಅಲ್ಲಿಗೆ ಹೋದ ಮೇಲೆ ವರ್ಷಗಳ ಲೆಕ್ಕ. ಸಂಘವಾಗಿ ನೋಂದಣಿಯಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಮರೆತ ಸಂಘಗಳಲ್ಲಿ ಹೊಸ ಅಧ್ಯಕ್ಷರು ಅಧ್ಯಕ್ಷರೆಂದು ತೋರಿಸಲು ಕಾಗದವೇ ಇರುವುದಿಲ್ಲ.

ಈಗಿನ ಕಾಲದ ದೊಡ್ಡ ತೊಡಕು ಮೊಬೈಲ್. ಆದಾಯ ತೆರಿಗೆ ಪೋರ್ಟಲ್‌ಗೂ ಬ್ಯಾಂಕಿಗೂ ಹಳೆಯ ಅಧ್ಯಕ್ಷರ ನಂಬರ್ ಕೊಟ್ಟಿರುತ್ತಾರೆ. ಅವರು ಹೋದ ಮೇಲೆ ಒಟಿಪಿ ಬರುವುದು ಮನೆಯ ಕಪಾಟಿನಲ್ಲಿ ಆಫ್ ಆಗಿರುವ ಫೋನಿಗೆ! ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಇರಲಿ. ಬ್ಯಾಂಕಿನಲ್ಲಿ ಮೂವರ ಸಹಿ ಇಟ್ಟು, ಯಾರಾದರೂ ಇಬ್ಬರ ಸಹಿಗೆ ಚೆಕ್ ಪಾಸಾಗುವಂತೆ ಠರಾವು ಮಾಡಿಕೊಂಡರೆ ಒಬ್ಬರು ಇಲ್ಲದಾಗಲೂ ಅಡುಗೆಯವರ ಸಂಬಳ ನಿಲ್ಲುವುದಿಲ್ಲ.

ಇನ್ನು ಹಣ. ಹಸ್ತಾಂತರಕ್ಕೂ ಖರ್ಚಿದೆ ಎಂದರೆ ಹಲವರು ಒಪ್ಪುವುದಿಲ್ಲ, ಸೇವೆಗೆ ಏನು ಖರ್ಚು ಎನ್ನುತ್ತಾರೆ. ಆದರೆ ಸೇವೆಯಿಂದ ನಡೆಯುತ್ತಿದ್ದ ಕೆಲಸವನ್ನು ಹೊಸಬರು ಅಂಗಡಿ ಬಿಟ್ಟು ಬಂದು ಮಾಡಲಾರರು. ಹಳಬರ ಜೊತೆಯಲ್ಲಿ ಆರು ತಿಂಗಳು ಕೆಲಸ ಕಲಿಯಲು ಒಬ್ಬ ವ್ಯವಸ್ಥಾಪಕರನ್ನು ತಿಂಗಳಿಗೆ 20,000 ರೂಪಾಯಿಗೆ ಇಟ್ಟುಕೊಂಡರೆ 1,20,000. ದಸ್ತಾವೇಜು, ವಕೀಲರು, ಆಡಿಟರ್ ಖರ್ಚು ಬೇರೆ. ಇದನ್ನು ಬಜೆಟ್‌ನಲ್ಲಿ ಪ್ರತ್ಯೇಕ ಬಾಬ್ತಾಗಿ ಬರೆಯಬೇಕು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ವರ್ಷದ ಆದಾಯದ ಶೇ. 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ಅದಕ್ಕಿಂತ ಹೆಚ್ಚು ಉಳಿಸಿಕೊಳ್ಳುವುದಾದರೆ ಉದ್ದೇಶ ತಿಳಿಸಿ ಇಲಾಖೆಗೆ ನಮೂನೆ ಕೊಡಬೇಕು, 5 ವರ್ಷದ ಮಿತಿ ಇದೆ. ಸುಮ್ಮನೆ ಕೂಡಿಟ್ಟರೆ ತೆರಿಗೆ ಬೀಳುತ್ತದೆ.

ಕಾಯಂ ಆಸರೆಗೆ ಕಾರ್ಪಸ್, ಅಂದರೆ ಮೂಲನಿಧಿ ಒಳ್ಳೆಯದು. ದಾನಿಗಳು ಇದು ಮೂಲನಿಧಿಗೆ ಎಂದು ಬರೆದೇ ಕೊಡಬೇಕು, ಬಾಯಿಮಾತು ನಡೆಯದು. ಶೇ. 7ರ ಬಡ್ಡಿಯಲ್ಲಿ 10 ಲಕ್ಷಕ್ಕೆ ವರ್ಷಕ್ಕೆ 70,000 ಬರುತ್ತದೆ, ತಿಂಗಳಿಗೆ 6,000 ಕೂಡ ಆಗುವುದಿಲ್ಲ. ಪೂರ್ಣಾವಧಿ ವ್ಯವಸ್ಥಾಪಕರಿಗೆ ಇದು ಸಾಲದು, ವಾರಕ್ಕೆರಡು ದಿನ ಬರುವ ಲೆಕ್ಕಿಗರಿಗೆ ಸಾಕಾದೀತು.

ದಾನಿಗಳಲ್ಲಿ ಅನೇಕರು ಕೊಡುವುದು ಸಂಸ್ಥೆಗಲ್ಲ, ಆ ಹಿರಿಯರ ಮುಖ ನೋಡಿ. ಆದ್ದರಿಂದ ಹಿರಿಯರು ಇರುವಾಗಲೇ ಹೊಸಬರನ್ನು ಕರೆದುಕೊಂಡು ದಾನಿಗಳ ಮನೆಗಳಿಗೆ ಹೋಗಿ ಬರುವುದು ಯಾವ ಠರಾವಿಗಿಂತಲೂ ಹೆಚ್ಚು ಉಪಯೋಗ. ಅಧಿಕಾರ ಬಿಟ್ಟ ಮೇಲೆ ಅವರನ್ನು ಗೌರವಾಧ್ಯಕ್ಷರೆಂದು ಇಟ್ಟುಕೊಳ್ಳಬಹುದು. ಆದರೆ ಚೆಕ್‌ಬುಕ್, ಕೀಲಿಕೈ ಮತ್ತು ಮೂಲ ದಾಖಲೆಗಳನ್ನು ಪಟ್ಟಿ ಮಾಡಿ, ಇಬ್ಬರು ಸಾಕ್ಷಿಗಳೆದುರು ಅದೇ ದಿನ ಒಪ್ಪಿಸಿಕೊಳ್ಳಬೇಕು.